ಮೀನಿಗೆ ಮದ್ದು ಹಾಕುವ ಮೊದಲು ನೀರು ನೋಡಿ

ಮೀನು ಮೂಲೆ ಹಿಡಿದು ನಿಂತಿದೆ, ರೆಕ್ಕೆ ಮುದುಡಿಕೊಂಡಿದೆ, ಆಹಾರ ಮುಟ್ಟುತ್ತಿಲ್ಲ. ಇಷ್ಟು ಕಂಡದ್ದೇ ತಡ, ಹೆಚ್ಚಿನವರ ಕೈ ಸೀದಾ ನೀಲಿ ಔಷಧಿಯ ಬಾಟಲಿಗೆ ಹೋಗುತ್ತದೆ. ಇವತ್ತು ಹತ್ತು ಹನಿ, ನಾಳೆ ಇನ್ನೂ ಹತ್ತು. ಮೂರನೇ ದಿನ ಮೀನು ಸತ್ತರೆ ಕಾಯಿಲೆ ಜೋರಾಗಿತ್ತು ಎಂಬ ಸಮಾಧಾನ. ಆದರೆ ಅಲ್ಲಿ ಕಾಯಿಲೆಯೇ ಇರದಿದ್ದ ಸಾಧ್ಯತೆ ಚೆನ್ನಾಗಿಯೇ ಇದೆ. ನೀರಿನಲ್ಲಿ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯ ಏರಿತ್ತು, ಹಾಕಿದ ಮದ್ದು ಅಮೋನಿಯವನ್ನು ಅರಗಿಸುತ್ತ ಫಿಲ್ಟರಿನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಅದನ್ನು ಮತ್ತಷ್ಟು ಏರಿಸಿತು, ಅಷ್ಟೇ.

ಮೀನು ಉಸಿರಾಡುವುದೂ ಮಲಮೂತ್ರ ಬಿಡುವುದೂ ಒಂದೇ ನೀರಿನಲ್ಲಿ. ಹಾಗಾಗಿ ನೀರು ಕೆಟ್ಟಾಗ ಕಾಣುವ ಲಕ್ಷಣಕ್ಕೂ ಸೋಂಕು ತಗುಲಿದಾಗ ಕಾಣುವ ಲಕ್ಷಣಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸ ಕಡಿಮೆ. ಎರಡರಲ್ಲೂ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ, ಕಲ್ಲಿಗೆ ಮೈ ಉಜ್ಜುತ್ತದೆ, ಮಂಕಾಗುತ್ತದೆ. ಬೇರೆ ಮಾಡಿ ನೋಡಲು ಒಂದು ಸುಲಭದ ಸೂತ್ರ ಇದೆ: ಕೆಲವೇ ಗಂಟೆಗಳಲ್ಲಿ ಎಲ್ಲ ಜಾತಿಯ ಮೀನುಗಳೂ ಒಟ್ಟಿಗೆ ಒದ್ದಾಡತೊಡಗಿದರೆ ಅದು ನೀರಿನ ದೋಷ, ಇಲ್ಲವೇ ತೊಟ್ಟಿಗೆ ಬಿದ್ದ ವಿಷ. ಇವತ್ತು ಒಂದು, ನಾಳಿದ್ದು ಎರಡು ಎಂದು ದಿನಗಳ ಅಂತರದಲ್ಲಿ ಹಬ್ಬಿದರೆ ಸೋಂಕು.

ಆದ್ದರಿಂದ ಮೊದಲ ಕೆಲಸ ಟೆಸ್ಟ್ ಕಿಟ್ ತೆಗೆಯುವುದು. ನೋಡಬೇಕಾದದ್ದು ಅಮೋನಿಯ, ಬ್ಯಾಕ್ಟೀರಿಯಾ ಅದನ್ನು ಅರಗಿಸಿದಾಗ ಬರುವ ನೈಟ್ರೈಟ್, ಆಮೇಲೆ ಅದರಿಂದಾಗುವ ನೈಟ್ರೇಟ್, ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಮತ್ತು ಉಷ್ಣತೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ‘ಸ್ವಲ್ಪ ಇದೆ, ಪರವಾಗಿಲ್ಲ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಅಮೋನಿಯದ ವಿಚಾರದಲ್ಲಿ ಪಿಎಚ್ ಬಹಳ ಮುಖ್ಯ. ಕಿಟ್ ತೋರಿಸುವುದು ಒಟ್ಟು ಅಮೋನಿಯವನ್ನು. ಅದರಲ್ಲಿ ಅಮೋನಿಯಂ ರೂಪದಲ್ಲಿರುವ ಪಾಲು ಹೆಚ್ಚು ಕಾಡುವುದಿಲ್ಲ, ಕಿವಿರು ಸುಡುವುದು ಉಳಿದ ಪಾಲು. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಆ ವಿಷಕಾರಿ ಪಾಲು ಶೇ. 1ಕ್ಕಿಂತ ಕಡಿಮೆ, ಪಿಎಚ್ 8ಕ್ಕೆ ಬಂದರೆ ಸುಮಾರು ಶೇ. 5; 9ಕ್ಕೆ ಹೋದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಂದರೆ ಕಿಟ್‌ನಲ್ಲಿ ಒಂದೇ ಬಣ್ಣ ತೋರಿಸಿದ ಎರಡು ತೊಟ್ಟಿಗಳಲ್ಲಿ ಒಂದರ ಮೀನು ಆರಾಮಾಗಿರಬಹುದು, ಇನ್ನೊಂದರದ್ದು ಸಾಯುತ್ತಿರಬಹುದು.

ನೈಟ್ರೈಟ್ ಬೇರೆ ಬಗೆಯ ಕಾಟ. ಅದು ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಏದುಸಿರು ಬಿಡುತ್ತದೆ, ಕೆಂಪಗಿರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಉಪ್ಪು ಕೆಲಸ ಮಾಡುವ ಬಗೆ ಸೊಗಸಾಗಿದೆ. ಕಿವಿರಿನಲ್ಲಿ ನೈಟ್ರೈಟ್ ಒಳಬರುವ ದಾರಿ ಯಾವುದೋ ಉಪ್ಪಿನಲ್ಲಿರುವ ಕ್ಲೋರೈಡ್ ಒಳಬರುವ ದಾರಿಯೂ ಅದೇ. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಆ ಬಾಗಿಲಲ್ಲೇ ನೂಕುನುಗ್ಗಲಾಗಿ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. 10 ಲೀಟರ್ ನೀರಿಗೆ 1 ಗ್ರಾಂ ಉಪ್ಪು ಹಾಕಿದರೆ ಲೀಟರಿಗೆ ಸುಮಾರು 60 ಮಿಲಿಗ್ರಾಂ ಕ್ಲೋರೈಡ್ ಸಿಗುತ್ತದೆ, ತುರ್ತಿಗೆ ಅಷ್ಟು ಸಾಕು. ಇದು ತಡೆ ಮಾತ್ರ, ಪರಿಹಾರವಲ್ಲ. ಜೊತೆಗೆ ದಿನಾ ಶೇ. 30ರಿಂದ 50ರಷ್ಟು ನೀರು ಬದಲಿಸುತ್ತ, ಆಹಾರ ನಿಲ್ಲಿಸಿ, ಫಿಲ್ಟರಿನ ಬ್ಯಾಕ್ಟೀರಿಯಾ ಮತ್ತೆ ಬೆಳೆಯುವವರೆಗೆ ಕಾಯಬೇಕು. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಡೀಕ್ಲೋರಿನೇಟರ್ ಹಾಕಿರಬೇಕು, ಉಷ್ಣತೆ ತೊಟ್ಟಿಯದ್ದಕ್ಕೆ ಹೊಂದಬೇಕು. ಫಿಲ್ಟರ್ ಕೊಳೆಯಾಗಿದೆ ಎಂದು ಈ ಹೊತ್ತಿನಲ್ಲಿ ಸ್ಪಾಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದರೆ ಮುಗಿಯಿತು, ಇದ್ದಬದ್ದ ಬ್ಯಾಕ್ಟೀರಿಯಾವೂ ಕ್ಲೋರಿನ್ನಿಗೆ ಬಲಿ.

ನೀರಿನ ಪರೀಕ್ಷೆ ಸರಿ ಬಂತು, ಆದರೂ ಮೀನು ಸರಿಯಿಲ್ಲ ಎಂದಾದರೆ ಆಗ ಮೀನನ್ನು ನೋಡಬೇಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗಾಜಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಲೋಳೆ, ಚುಕ್ಕೆ, ಧೂಳಿನಂಥ ಪೊರೆ ಎಲ್ಲ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಎರಡೂ ಕಿವಿರುಮುಚ್ಚಳ ಆಡುತ್ತಿವೆಯೇ, ಒಂದನ್ನು ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡುತ್ತಿದೆಯೇ ನೋಡಿ. ಮಲದ ಬಣ್ಣ, ಹೊಟ್ಟೆಯ ಆಕಾರ ಗಮನಿಸಿ. ಮೇಲಿನಿಂದ ಒಮ್ಮೆ ನೋಡುವುದನ್ನು ಬಿಡಬೇಡಿ. ಹುರುಪೆ ಎದ್ದಿರುವುದು ಪಕ್ಕದಿಂದ ಗೊತ್ತಾಗುವುದಕ್ಕಿಂತ ಮೊದಲೇ ಮೇಲಿನಿಂದ ಗೊತ್ತಾಗುತ್ತದೆ.

ಲೀಟರ್ ಲೆಕ್ಕ

ಔಷಧಿ ಯಾವುದೇ ಇರಲಿ, ಪ್ರಮಾಣ ನಿಲ್ಲುವುದು ತೊಟ್ಟಿಯಲ್ಲಿ ನಿಜವಾಗಿ ಎಷ್ಟು ನೀರಿದೆ ಎಂಬುದರ ಮೇಲೆ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿ ಎಂದರೆ ಎಲ್ಲರೂ ಗುಣಿಸಿ 65 ಲೀಟರ್ ಎನ್ನುತ್ತಾರೆ. ನೀರು ನಿಂತಿರುವುದು 32 ಸೆಂಟಿಮೀಟರಿನವರೆಗೆ ಮಾತ್ರ, ಅಂದರೆ 57.6 ಲೀಟರ್. ಜಲ್ಲಿ, ಕಲ್ಲು, ಮರದ ತುಂಡು ಹಿಡಿದಿರುವ ಜಾಗ ಶೇ. 10 ಎಂದು ಕಳೆದರೆ ಉಳಿಯುವುದು 52 ಲೀಟರ್. 65 ಎಂದುಕೊಂಡು ಮದ್ದು ಹಾಕಿದವರು ಕಾಲು ಭಾಗ ಹೆಚ್ಚು ಹಾಕಿದಂತಾಯಿತು. ಫಾರ್ಮಲಿನ್, ತಾಮ್ರದಂಥ ಔಷಧಿಗಳಲ್ಲಿ ವಾಸಿಯಾಗುವ ಪ್ರಮಾಣಕ್ಕೂ ಸಾಯುವ ಪ್ರಮಾಣಕ್ಕೂ ಇರುವ ಅಂತರ ಕಿರಿದು. ಕಾಲು ಭಾಗ ಎಂದರೆ ದೊಡ್ಡ ಮಾತು. ಮುಂದಿನ ಲೆಕ್ಕಗಳಿಗೂ ಇದೇ 52 ಲೀಟರಿನ ತೊಟ್ಟಿಯನ್ನು ಇಟ್ಟುಕೊಳ್ಳೋಣ.

ಬಿಳಿ ಚುಕ್ಕೆ ರೋಗ: ಮದ್ದು ತಗುಲುವುದು ಯಾವಾಗ?

ಅಕ್ವೇರಿಯಂನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಸೋಂಕು ಇದು. ಮೈಮೇಲೆ, ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು. ಕಾರಣ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿ. ಸಾಕುವವರ ಬಾಯಲ್ಲಿ ಬರೀ ‘ಇಕ್’. ಇದರ ಬದುಕಿನ ಸುತ್ತು ಗೊತ್ತಿಲ್ಲದೆ ಚಿಕಿತ್ಸೆ ಮಾಡಿದರೆ ಸೋಲು ಖಚಿತ.

ಕಣ್ಣಿಗೆ ಕಾಣುವ ಬಿಳಿ ಚುಕ್ಕೆ ಮೀನಿನ ಚರ್ಮದ ಮೇಲಿಲ್ಲ, ಹೊರಪದರದ ಕೆಳಗಿದೆ. ಅಲ್ಲಿ ಕೂತು ತಿಂದು ಬೆಳೆಯುವಾಗ ಯಾವ ಮದ್ದೂ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಚರ್ಮ ಬಿಟ್ಟು ತೊಟ್ಟಿಯ ತಳಕ್ಕೆ ಇಳಿದು ಸುತ್ತ ಅಂಟಿನಂಥ ಕೋಶ ಕಟ್ಟಿಕೊಳ್ಳುತ್ತದೆ. ಆಗಲೂ ಮದ್ದು ನಾಟುವುದಿಲ್ಲ. ಆ ಕೋಶದೊಳಗೆ ಒಡೆದು ಒಡೆದು ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗಿ ನೀರಿಗೆ ಹೊರಬರುತ್ತದೆ. ಈ ಈಜುವ ಮರಿಗಳು ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಉಪ್ಪಾಗಲಿ ಮ್ಯಾಲಕೈಟ್ ಗ್ರೀನ್ ಎಂಬ ಮದ್ದಾಗಲಿ ಕೊಲ್ಲುವುದು ಈ ಒಂದು ಹಂತವನ್ನು ಮಾತ್ರ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮದ್ದು ಹಾಕಿದ ಮರುದಿನ ಚುಕ್ಕೆ ಹೆಚ್ಚಾದರೆ ಮದ್ದು ಕೆಲಸ ಮಾಡುತ್ತಿಲ್ಲ ಎಂದಲ್ಲ. ಮೊದಲೇ ಒಳಹೊಕ್ಕಿದ್ದವು ಈಗ ಬೆಳೆದು ಕಾಣುತ್ತಿವೆ. ಹಾಗೆಯೇ, ನಾಲ್ಕನೇ ದಿನ ಚುಕ್ಕೆಯೆಲ್ಲ ಮಾಯವಾದರೆ ವಾಸಿಯಾಯಿತು ಎಂದೂ ಅಲ್ಲ. ಅವು ತಳಕ್ಕಿಳಿದು ಒಡೆಯುತ್ತಿವೆ. ಇಲ್ಲಿ ಮದ್ದು ನಿಲ್ಲಿಸಿದವರಿಗೆ ವಾರದೊಳಗೆ ಮೊದಲಿಗಿಂತ ಹತ್ತುಪಟ್ಟು ಚುಕ್ಕೆ ವಾಪಸು ಬರುತ್ತದೆ. ಇಕ್ ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಈ ನಾಲ್ಕನೇ ದಿನದ ಸಂತೋಷದಿಂದಲೇ.

ಸುತ್ತು ಪೂರ್ತಿಯಾಗಲು 25 ಡಿಗ್ರಿಯಲ್ಲಿ ವಾರದೊಳಗಿನ ಸಮಯ ಸಾಕು. 10 ಡಿಗ್ರಿಯ ತಣ್ಣೀರಿನಲ್ಲಿ ತಿಂಗಳಿಗೂ ಮೀರಿ ಎಳೆಯುತ್ತದೆ. ಉಷ್ಣತೆ ಏರಿಸುವುದರ ಹಿಂದಿನ ತರ್ಕ ಇದೇ, ಮದ್ದು ತಗುಲುವ ಹಂತ ಬೇಗ ಬರಲಿ ಎಂದು. ಬಿಸಿನೀರಿನ ಜಾತಿಗಳಿಗೆ ಕೆಲವು ಗಂಟೆಗೊಮ್ಮೆ 1 ಡಿಗ್ರಿಯಂತೆ 30ರವರೆಗೆ ಏರಿಸಬಹುದು. ತಣ್ಣೀರಿನ ಮೀನಿಗೆ ಈ ದಾರಿ ಬೇಡ. 25 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30ರಲ್ಲಿ 7.6 ಮಾತ್ರ. ಇಕ್ ಕಿವಿರಿಗೂ ಹತ್ತಿರುವಾಗ ಈ ಕೊರತೆಯೇ ಸಾಕು ಮೀನು ಸಾಯಲು. ಆದ್ದರಿಂದ ಹೀಟರ್ ತಿರುಗಿಸುವ ಮೊದಲು ಏರ್ ಪಂಪ್ ಹಾಕಿ. ಬಿಸಿಗೆ ಜಗ್ಗದ ಇಕ್ ತಳಿಗಳೂ ಇರುವುದರಿಂದ ಬರೀ ಉಷ್ಣತೆಯನ್ನು ನೆಚ್ಚಿಕೊಳ್ಳದೆ ಉಪ್ಪನ್ನೋ ಮದ್ದನ್ನೋ ಜೊತೆಗಿಡುವುದು ಲೇಸು.

ಉಪ್ಪಿನ ದಾರಿ ಹಿಡಿದರೆ ಲೀಟರಿಗೆ 2 ಗ್ರಾಂ. ನಮ್ಮ 52 ಲೀಟರಿಗೆ 104 ಗ್ರಾಂ. ಇದನ್ನು ಒಂದೇ ಸಲ ಸುರಿಯಬಾರದು. ಮೂರು ಪಾಲು ಮಾಡಿ, ಹನ್ನೆರಡು ಗಂಟೆಗೊಂದರಂತೆ, ಪ್ರತಿ ಪಾಲನ್ನೂ ತೊಟ್ಟಿಯದ್ದೇ ನೀರಿನಲ್ಲಿ ಪೂರ್ತಿ ಕರಗಿಸಿ ಹಾಕಿ. ಚಮಚದ ಲೆಕ್ಕ ನಂಬಬೇಡಿ. ಕಲ್ಲುಪ್ಪಿನ ಚಮಚಕ್ಕೂ ಪುಡಿಯುಪ್ಪಿನ ಚಮಚಕ್ಕೂ ತೂಕ ಬೇರೆ. ಆಮೇಲೆ ಎಡವುವ ಜಾಗ ಒಂದಿದೆ. ನೀರು ಆವಿಯಾದಾಗ ಉಪ್ಪು ಹೋಗುವುದಿಲ್ಲ, ತೊಟ್ಟಿಯಲ್ಲೇ ಉಳಿಯುತ್ತದೆ. ಆವಿಯಾದಷ್ಟನ್ನು ತುಂಬುವಾಗ ಬರೀ ನೀರು ಹಾಕಿ. ನೀರು ಬದಲಿಸಿದಾಗ ಮಾತ್ರ, 13 ಲೀಟರ್ ತೆಗೆದು ಹಾಕಿದರೆ ಆ 13 ಲೀಟರಿಗೆ ಬೇಕಾದ 26 ಗ್ರಾಂ ಸೇರಿಸಿ. ಇದನ್ನು ಅದಲುಬದಲು ಮಾಡಿಕೊಂಡರೆ ಎರಡೇ ವಾರದಲ್ಲಿ ಉಪ್ಪು ಎಲ್ಲಿಗೋ ಹೋಗಿರುತ್ತದೆ. ಗಿಡಗಳು ಈ ಪ್ರಮಾಣಕ್ಕೆ ಬಾಡಬಹುದು. ಕೋರಿಡೋರಸ್‌ನಂಥ ಬೆಕ್ಕುಮೀನುಗಳು, ಲೋಚ್‌ಗಳು ಉಪ್ಪನ್ನು ಅಷ್ಟಾಗಿ ಸಹಿಸುವುದಿಲ್ಲ.

ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಬೆರೆತ ಔಷಧಿ ಇನ್ನೂ ಚುರುಕು. ಹುರುಪೆಯಿಲ್ಲದ ಮೀನುಗಳಿಗೂ ಟೆಟ್ರಾಗಳಿಗೂ ಅರ್ಧ ಪ್ರಮಾಣ ಸಾಕು. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ತಿನ್ನುತ್ತದೆ: ಲೀಟರಿಗೆ 5 ಮಿಲಿಗ್ರಾಂ ಹಾಕಿದರೆ ಒಂದೂವರೆ ದಿನದೊಳಗೆ ಸುಮಾರು 1 ಮಿಲಿಗ್ರಾಂ ಆಮ್ಲಜನಕ ಖಾಲಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಆ ಫಾರ್ಮಲಿನ್ ಕೆಟ್ಟಿದೆ, ಮೀನಿಗೆ ಇನ್ನಷ್ಟು ವಿಷ. ಚೆಲ್ಲುವುದು ಬಿಟ್ಟು ಬೇರೆ ದಾರಿಯಿಲ್ಲ. ಎರಡನ್ನೂ ಕೈಗವಸಿಲ್ಲದೆ ಮುಟ್ಟಬೇಡಿ. ಮನುಷ್ಯನ ಮೈಗೂ ಅವು ಒಳ್ಳೆಯವಲ್ಲ.

ಯಾವ ದಾರಿಯೇ ಆದರೂ ಕೊನೆಯ ಚುಕ್ಕೆ ಮಾಯವಾದ ಮೇಲೆ ಕನಿಷ್ಠ ಒಂದು ವಾರ ಮುಂದುವರಿಸಬೇಕು, ತಳದ ಜಲ್ಲಿಯೊಳಗಿನ ಕೊಳೆಯನ್ನು ದಿನ ಬಿಟ್ಟು ದಿನ ಸೈಫನ್ ಪೈಪಿನಿಂದ ಎಳೆಯಬೇಕು. ಚುಕ್ಕೆಯ ಬದಲು ಚಿನ್ನದ ಪುಡಿ ಉದುರಿಸಿದಂಥ ಸಣ್ಣ ಧೂಳು ಟಾರ್ಚಿನಲ್ಲಿ ಕಂಡರೆ ಅದು ವೆಲ್ವೆಟ್ ಎಂಬ ಬೇರೆ ಸೋಂಕು. ಸಿಹಿನೀರಿನ ವೆಲ್ವೆಟ್ ಜೀವಿಗೆ ಗಿಡದ ಹಾಗೆ ಹರಿತ್ತು ಇರುವುದರಿಂದ ತೊಟ್ಟಿಗೆ ಬಟ್ಟೆ ಮುಚ್ಚಿ ಕತ್ತಲು ಮಾಡುವುದೂ ಚಿಕಿತ್ಸೆಯ ಭಾಗ. ಇದಕ್ಕೆ ತಾಮ್ರದ ಔಷಧಿ ಕೊಡುತ್ತಾರೆ. ಸೀಗಡಿ, ಬಸವನಹುಳು ಇರುವ ತೊಟ್ಟಿಗೆ ತಾಮ್ರ ಹಾಕಿದರೆ ಅವು ಉಳಿಯುವುದಿಲ್ಲ.

ಹತ್ತಿ ಕಂಡರೆಲ್ಲ ಬೂಷ್ಟಲ್ಲ

ಮೀನಿನ ಬಾಯಿಯ ಸುತ್ತ ಬಿಳಿ ಹತ್ತಿಯಂಥದ್ದು ಕಂಡರೆ ಎಲ್ಲರೂ ಬೂಷ್ಟು ಎಂದು ತೀರ್ಮಾನಿಸಿ ಬೂಷ್ಟಿನ ಮದ್ದು ತರುತ್ತಾರೆ. ಬಹಳ ಸಲ ಅದು ಕಾಲಮ್ನೇರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು. ಬೂಷ್ಟಿನ ಮದ್ದಿಗೆ ಅದು ಕೇರ್ ಮಾಡುವುದಿಲ್ಲ. ಗುರುತಿಸುವುದು ಹೀಗೆ. ನಿಜವಾದ ಬೂಷ್ಟು, ಸಾಪ್ರೊಲೆಗ್ನಿಯಾ ಮತ್ತು ಅದರ ಬಳಗದ್ದು, ಉದ್ದ ಎಳೆಗಳಾಗಿ ನೀರಿನಲ್ಲಿ ತೇಲಾಡುತ್ತದೆ, ಉಬ್ಬಿರುತ್ತದೆ, ಮೊದಲೇ ಆದ ಗಾಯದ ಮೇಲೆ, ಸತ್ತ ಮೊಟ್ಟೆಯ ಮೇಲೆ ಹುಟ್ಟುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಕಾಲಮ್ನೇರಿಸ್ ಮೈಗೆ ಅಂಟಿ ಚಪ್ಪಟೆಯಾಗಿರುತ್ತದೆ, ಬೂದುಬಿಳಿ ಬಣ್ಣ, ಅಂಚು ಕೆಲವೊಮ್ಮೆ ಹಳದಿ ಅಥವಾ ಕೆಂಪು. ತುಟಿಯಿಂದ ಶುರುವಾಗಬಹುದು, ಬೆನ್ನಿನ ರೆಕ್ಕೆಯ ಬುಡದಲ್ಲಿ ಎರಡೂ ಕಡೆಗೆ ಇಳಿದು ಕುದುರೆಗೆ ಜೀನು ಹಾಕಿದಂತೆ ಕಾಣಬಹುದು. ಜೋರಿನ ತಳಿಯಾದರೆ ಒಂದೆರಡು ದಿನದಲ್ಲಿ ಮೀನು ಮುಗಿಯುತ್ತದೆ.

ಈ ಗುರುತು ಯಾಕೆ ಮುಖ್ಯ ಎಂದರೆ, ಇಕ್‌ಗೆ ಮಾಡಿದ ಹಾಗೆ ಇಲ್ಲಿ ಉಷ್ಣತೆ ಏರಿಸಿದರೆ ಅದು ಬೆಂಕಿಗೆ ತುಪ್ಪ. ಕಾಲಮ್ನೇರಿಸ್ ಬಿಸಿಯಲ್ಲಿ ಇನ್ನೂ ವೇಗವಾಗಿ ಹಬ್ಬುತ್ತದೆ. ಇಲ್ಲಿ ಉಷ್ಣತೆಯನ್ನು ನಿಧಾನಕ್ಕೆ ಇಳಿಸಬೇಕು, ಬಿಸಿನೀರಿನ ಮೀನಾದರೆ 24ರ ಆಸುಪಾಸಿಗೆ. ಗಾಳಿ ಹೆಚ್ಚಿಸಿ, ಮೀನನ್ನು ಬೇರೆ ತೊಟ್ಟಿಗೆ ತೆಗೆದು ಆ್ಯಂಟಿಬಯೋಟಿಕ್ ಶುರು ಮಾಡಬೇಕು.

ರೆಕ್ಕೆ ಕೊಳೆಯುವುದು ಇದಕ್ಕಿಂತ ಸೌಮ್ಯ. ಅಂಚು ಹರಕಲಾಗಿ, ಬಿಳಿಯಾಗಿ ಅಥವಾ ಕಪ್ಪಾಗಿ ಹಿಂದೆ ಹಿಂದೆ ಸರಿಯುತ್ತದೆ. ಏರೋಮೊನಾಸ್, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಯಾವ ತೊಟ್ಟಿಯಲ್ಲೂ ಇದ್ದೇ ಇರುತ್ತವೆ; ನೀರು ಕೆಟ್ಟಾಗ, ಬೇರೆ ಮೀನು ಕಚ್ಚಿದಾಗ ಅವಕಾಶ ಹಿಡಿಯುತ್ತವೆ. ಬುಡ ಮುಟ್ಟುವವರೆಗೆ ಬಿಡದಿದ್ದರೆ ಹತ್ತು ದಿನ ನೀರು ಚೊಕ್ಕಟವಾಗಿಟ್ಟರೆ ಸಾಕು, ಹೊಸ ರೆಕ್ಕೆ ಪಾರದರ್ಶಕವಾಗಿ ಬೆಳೆದು ಬರುತ್ತದೆ. ಬರೀ ಕಚ್ಚಿದ ಗಾಯವಾದರೆ ಔಷಧಿ ಬೇಕಿರುವುದು ಮೀನಿಗಲ್ಲ. ಕಚ್ಚುವವನನ್ನು ಬೇರೆ ಮಾಡಬೇಕು.

ಆ್ಯಂಟಿಬಯೋಟಿಕ್ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಮನೆಯಲ್ಲಿ ಮಿಕ್ಕ ಮಾತ್ರೆ ಪುಡಿ ಮಾಡಿ ನೀರಿಗೆ ಹಾಕುವುದು ಚಿಕಿತ್ಸೆಯಲ್ಲ, ಲಾಟರಿ. ಮೀನಿಗೆ ತೊಂದರೆ ಕೊಡುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ‘ಗ್ರಾಂ ನೆಗೆಟಿವ್’ ಎಂಬ ಗುಂಪಿನವು. ಮನುಷ್ಯರ ಗಂಟಲುನೋವಿಗೆ ಕೊಡುವ ಎಷ್ಟೋ ಮದ್ದು ಅವುಗಳ ಮೇಲೆ ನಡೆಯುವುದಿಲ್ಲ. ಟೆಟ್ರಾಸೈಕ್ಲಿನ್ ಗುಂಪಿನವು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕಟ್ಟಿಕೊಂಡು ನಿಷ್ಕ್ರಿಯವಾಗುತ್ತವೆ, ಬೆಳಕಿಗೂ ಹಾಳಾಗುತ್ತವೆ. ಮೀನು ತಿನ್ನುತ್ತಿದ್ದರೆ ನೀರಿಗೆ ಹಾಕುವುದಕ್ಕಿಂತ ಆಹಾರದಲ್ಲಿ ಕೊಡುವುದು ಎಷ್ಟೋ ವಾಸಿ. ಒಳಗಿನ ಸೋಂಕಿಗೆ ಅದೇ ದಾರಿ. ಅರ್ಧಕ್ಕೆ ನಿಲ್ಲಿಸಿದರೆ ಮದ್ದಿಗೆ ಬಗ್ಗದ ತಳಿಯನ್ನು ತೊಟ್ಟಿಯಲ್ಲೇ ಸಾಕಿದಂತೆ. ಮೀನು ನೋಡುವ ಪಶುವೈದ್ಯರು ಸಿಗುವುದಾದರೆ ಅವರ ಚೀಟಿಯಂತೆಯೇ ನಡೆಯಿರಿ.

ಒಳಗಿನ ಕಾಯಿಲೆಗಳು

ಹೊಟ್ಟೆ ಊದಿ, ಹುರುಪೆಗಳು ಪೈನ್ ಕಾಯಿಯಂತೆ ಎದ್ದು ನಿಂತರೆ ಅದನ್ನು ಡ್ರಾಪ್ಸಿ ಎನ್ನುತ್ತಾರೆ. ಇದು ಕಾಯಿಲೆಯ ಹೆಸರಲ್ಲ, ಲಕ್ಷಣದ ಹೆಸರು. ಮೂತ್ರಪಿಂಡ ಕೈಬಿಟ್ಟು ದೇಹದಲ್ಲಿ ನೀರು ತುಂಬಿಕೊಂಡಿದೆ ಎಂದರ್ಥ. 20 ಲೀಟರಿಗೆ ಒಂದೆರಡು ಟೀ ಚಮಚ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಿದರೆ ಸ್ವಲ್ಪ ನೀರು ಹೊರಬಂದು ಮೀನಿಗೆ ಹಗುರಾಗಬಹುದು. ಅಡುಗೆ ಉಪ್ಪು ಇಲ್ಲಿ ಬೇಡ. ಹುರುಪೆ ಪೂರ್ತಿ ಎದ್ದ ಮೇಲೆ ಉಳಿಯುವ ಮೀನು ಅಪರೂಪ.

ಬಿಳಿ ದಾರದಂಥ ಮಲ, ತಿಂದರೂ ಸೊರಗುವುದು, ಸಿಕ್ಲಿಡ್ ಜಾತಿಗಳಲ್ಲಿ ತಲೆಯ ಮೇಲೆ ಸಣ್ಣ ಕುಳಿ ಇವು ಕರುಳಿನ ಏಕಕೋಶ ಜೀವಿಗಳ ಸುಳಿವು. ಮೆಟ್ರೊನಿಡಜೋಲ್ ಇದಕ್ಕೆ ಒಗ್ಗುತ್ತದೆ: ಆಹಾರದಲ್ಲಿ ಶೇ. 1, ಅಂದರೆ 5 ಗ್ರಾಂ ಆಹಾರಕ್ಕೆ 50 ಮಿಲಿಗ್ರಾಂ. ತಿನ್ನದ ಮೀನಿಗೆ ನೀರಿನಲ್ಲಿ 40 ಲೀಟರಿಗೆ 250 ಮಿಲಿಗ್ರಾಂ.

ಗಪ್ಪಿಯಂಥ ಮೀನಿನ ಗುದದಿಂದ ಕೆಂಪು ದಾರಗಳು ಇಣುಕುತ್ತಿದ್ದರೆ, ಮೀನು ಅಲುಗಾಡದಿದ್ದಾಗ ಮಾತ್ರ ಹೊರಬಂದು ಅಲುಗಿದರೆ ಒಳಸರಿಯುತ್ತಿದ್ದರೆ, ಅದು ಕಮಲಾನಸ್ ಹುಳು. ಲೆವಾಮಿಸೋಲ್ ಲೀಟರಿಗೆ 2 ಮಿಲಿಗ್ರಾಂ, ದೀಪ ಆರಿಸಿ 24 ಗಂಟೆ. ಈ ಮದ್ದು ಹುಳುವನ್ನು ಕೊಲ್ಲುವುದಿಲ್ಲ, ಪಾರ್ಶ್ವವಾಯು ಬಡಿಸುತ್ತದೆ. ಹಿಡಿತ ತಪ್ಪಿ ಹುಳು ಉದುರುತ್ತದೆ. ಹಾಗಾಗಿ ಮರುದಿನ ತಳ ಎಳೆದು ಅರ್ಧಕ್ಕಿಂತ ಹೆಚ್ಚು ನೀರು ತೆಗೆಯದಿದ್ದರೆ ಮಾಡಿದ್ದೆಲ್ಲ ದಂಡ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕು.

ಕಿವಿರಿನ ಚಪ್ಪಟೆ ಹುಳುಗಳಿಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ, ನಮ್ಮ ತೊಟ್ಟಿಗೆ 130. ನೀರಿನಲ್ಲಿ ಸುಲಭಕ್ಕೆ ಕರಗದ ಪುಡಿ. ಸಣ್ಣ ಬಾಟಲಿಯಲ್ಲಿ ಬಿಸಿನೀರು ಹಾಕಿ ಚೆನ್ನಾಗಿ ಕುಲುಕಿ. ಕಿವಿರಿನ ಹುಳು ಮೊಟ್ಟೆಯಿಡುತ್ತದೆ, ಮೊಟ್ಟೆಗೆ ಮದ್ದು ನಾಟುವುದಿಲ್ಲ. ಅದಕ್ಕೇ ವಾರದ ಮೇಲೆ ಮತ್ತೊಂದು ಸುತ್ತು.

ಬೆನ್ನು ಬಾಗಿ, ತಿಂಗಳುಗಟ್ಟಲೆ ಸೊರಗಿ, ಮೈಮೇಲೆ ವಾಸಿಯಾಗದ ಹುಣ್ಣು ಆದ ಮೀನುಗಳು ಒಂದೊಂದಾಗಿ ಸಾಯುತ್ತಿದ್ದರೆ ಮೀನಿನ ಕ್ಷಯ ಎಂದು ಅನುಮಾನಿಸಿ. ಇದಕ್ಕೆ ಮನೆಯಲ್ಲಿ ಮಾಡುವ ಚಿಕಿತ್ಸೆ ಇಲ್ಲ. ಇದರ ಒಂದು ಬಗೆ, ಮೈಕೊಬ್ಯಾಕ್ಟೀರಿಯಂ ಮರೈನಮ್, ಕೈಯ ಗಾಯದ ಮೂಲಕ ಮನುಷ್ಯರಿಗೂ ತಗುಲಿ ಬೇಗ ವಾಸಿಯಾಗದ ಗಂಟು ಎಬ್ಬಿಸುತ್ತದೆ. ಗಾಯವಿದ್ದಾಗ ಕೈಗವಸು ಹಾಕಿ. ಸೈಫನ್ ಪೈಪನ್ನು ಬಾಯಿಂದ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕೈಯಲ್ಲಿ ಅಂಥ ಗಂಟೆದ್ದರೆ ವೈದ್ಯರಿಗೆ ಅಕ್ವೇರಿಯಂ ಇದೆ ಎಂಬುದನ್ನು ಹೇಳಲೇಬೇಕು, ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಆಸ್ಪತ್ರೆ ತೊಟ್ಟಿ

20ರಿಂದ 40 ಲೀಟರಿನ ಖಾಲಿ ತೊಟ್ಟಿ, ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡು. ಜಲ್ಲಿ ಬೇಡ, ಗಿಡ ಬೇಡ. ಜಲ್ಲಿ ಮದ್ದನ್ನು ಹೀರುತ್ತದೆ, ಕೊಳೆಯನ್ನು ಅಡಗಿಸುತ್ತದೆ. ಸ್ಪಾಂಜನ್ನು ಯಾವಾಗಲೂ ದೊಡ್ಡ ತೊಟ್ಟಿಯ ಮೂಲೆಯಲ್ಲಿ ಓಡಿಸುತ್ತಿದ್ದರೆ ಬೇಕಾದಾಗ ಬ್ಯಾಕ್ಟೀರಿಯಾ ಸಮೇತ ಎತ್ತಿಡಬಹುದು. ಮೆಥಿಲೀನ್ ಬ್ಲೂ, ಆ್ಯಂಟಿಬಯೋಟಿಕ್‌ಗಳು ಆ ಬ್ಯಾಕ್ಟೀರಿಯಾವನ್ನೂ ಕೆಡಿಸುವುದರಿಂದ ಚಿಕಿತ್ಸೆಯ ಅಷ್ಟೂ ದಿನ ಅಮೋನಿಯ ಅಳೆಯುತ್ತಲೇ ಇರಬೇಕು. ಮದ್ದು ಹಾಕುವ ಮೊದಲು ಫಿಲ್ಟರಿನಿಂದ ಇದ್ದಿಲು ತೆಗೆದಿಡಿ, ಯುವಿ ದೀಪ ಆರಿಸಿ. ಎರಡೂ ಮದ್ದನ್ನು ತಿಂದು ಹಾಕುತ್ತವೆ. ಮುಗಿದ ಮೇಲೆ ಹೊಸ ಇದ್ದಿಲು ಹಾಕಿದರೆ ಉಳಿದ ಮದ್ದು ಹೀರಲು ಅನುಕೂಲ. ಎರಡು ಮದ್ದು ಒಟ್ಟಿಗೆ ಹಾಕಬೇಡಿ. ಒಂದು ಸುತ್ತು ಮುಗಿಸಿ, ಅರ್ಧ ನೀರು ಬದಲಿಸಿ, ಆಮೇಲೆ ಇನ್ನೊಂದು.

ಆದರೆ ಇಕ್, ವೆಲ್ವೆಟ್, ಹುಳುಗಳ ವಿಷಯದಲ್ಲಿ ಒಂದು ಮೀನನ್ನು ಮಾತ್ರ ಆಸ್ಪತ್ರೆಗೆ ಸಾಗಿಸಿ ಉಪಯೋಗವಿಲ್ಲ. ಅಷ್ಟರಲ್ಲಿ ಇಡೀ ತೊಟ್ಟಿಗೆ ಹಬ್ಬಿರುತ್ತದೆ, ಎಲ್ಲಕ್ಕೂ ಚಿಕಿತ್ಸೆ ಬೇಕು. ಇದೇ ಚಿಕ್ಕ ತೊಟ್ಟಿ ಹೊಸ ಮೀನಿಗೆ ಕ್ವಾರಂಟೈನ್ ಆಗಿಯೂ ಆಗುತ್ತದೆ: ನಾಲ್ಕರಿಂದ ಆರು ವಾರ.

ಉಳಿಯಲಾರದ ಮೀನನ್ನು ಫ್ರೀಜರಿನಲ್ಲಿಡುವುದು, ಶೌಚಕ್ಕೆ ಹಾಕಿ ನೀರು ಬಿಡುವುದು ಎರಡೂ ಕ್ರೂರ. ಲವಂಗದ ಎಣ್ಣೆ ಇದಕ್ಕೆ ಸರಿ. ಲೀಟರ್ ನೀರಿಗೆ 0.4 ಮಿಲಿಲೀಟರ್. ಎಣ್ಣೆ ಹಾಗೆಯೇ ಹಾಕಿದರೆ ಮೇಲೆ ತೇಲುತ್ತದೆ. ಮುಚ್ಚಳವಿರುವ ಬಾಟಲಿಯಲ್ಲಿ ಬೆಚ್ಚಗಿನ ನೀರಿನೊಂದಿಗೆ ಹಾಲಿನಂತಾಗುವವರೆಗೆ ಕುಲುಕಿ, ತೊಟ್ಟಿಯದ್ದೇ ನೀರು ತುಂಬಿದ ಪಾತ್ರೆಗೆ ಸೇರಿಸಿ, ಆಮೇಲೆ ಮೀನು ಬಿಡಿ. ಮೀನು ಮೊದಲು ಮಲಗುತ್ತದೆ, ಸತ್ತಿರುವುದಿಲ್ಲ. ಕಿವಿರಿನ ಆಟ ಪೂರ್ತಿ ನಿಂತ ಮೇಲೂ ಕನಿಷ್ಠ ಹತ್ತು ನಿಮಿಷ ಅಲ್ಲೇ ಇರಲಿ. ಆ ಮೀನನ್ನು ಹಿಡಿದ ಬಲೆ ಅವತ್ತು ಇನ್ನೊಂದು ತೊಟ್ಟಿಗೆ ಇಳಿಯಬಾರದು. ತೊಳೆದು ಬಿಸಿಲಿನಲ್ಲಿ ಗರಿಗರಿ ಒಣಗಲು ಬಿಡಿ. ತೊಟ್ಟಿಗೊಂದು ಬಲೆ ಇದ್ದರೆ ಈ ಪರದಾಟವೇ ಇರುವುದಿಲ್ಲ.